ಹಾಸಿಗೆ ಇದ್ದಷ್ಟು ಕಾಲು ಚಾಚಿ, ಅದರಲ್ಲೇ ಸುಖವಾಗಿ ಮಲಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಬಹಳ ವರ್ಷ ಲೆಕ್ಕ ಬರೆದಿದ್ದೇನೆ. ಸಾಲ ಕೇಳಲು ಬಂದವರು, ಕಂತು ಕಟ್ಟಲು ಬಂದವರು, ಕಟ್ಟಲಾಗದೆ ಬಾಗಿಲಲ್ಲೇ ನಿಂತವರು ಕೇಳುತ್ತಿದ್ದ ಪ್ರಶ್ನೆಗಳನ್ನೂ, ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ತಿಂಗಳ ಸಂಬಳದ ಮೇಲೆ, ಅಥವಾ ಸಣ್ಣ ಅಂಗಡಿಯ ಗಳಿಕೆಯ ಮೇಲೆ ಸಂಸಾರ ನಡೆಸುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಇದು.

ಮಿತವಾಗಿ ಖರ್ಚು ಮಾಡುವುದಕ್ಕೂ ಜಿಪುಣತನಕ್ಕೂ ಏನು ವ್ಯತ್ಯಾಸ?

ಮಾವಿನ ಕಾಲ ಬಂದು ಹೋದರೂ ಮನೆಗೆ ಒಂದು ಹಣ್ಣನ್ನೂ ತರದೆ, ಮಕ್ಕಳು ನೆರೆಮನೆಯ ಬುಟ್ಟಿಯನ್ನು ನೋಡುವಂತೆ ಮಾಡುವುದು ಜಿಪುಣತನ. ಏಪ್ರಿಲ್ ಮೊದಲ ವಾರದಲ್ಲಿ ಅಂಗಡಿಯವನು ಹೇಳಿದ ಬೆಲೆಗೆ ಆಪೂಸ ಕೊಳ್ಳದೆ, ಮೇ ನಡುವಿನವರೆಗೆ ಕಾದು, ಬೆಲೆ ಇಳಿದಾಗ ಎರಡು ಡಜನ್ ತಂದು, ಹುಲ್ಲಿನಲ್ಲಿ ಹಣ್ಣಿಗಿಟ್ಟು, ಭಾನುವಾರ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೀಕರಣೆ ಉಣ್ಣುವುದು ಮಿತವ್ಯಯ. ಎರಡನೆಯದರಲ್ಲಿ ಉಳಿತಾಯವೂ ಇದೆ, ಊಟವೂ ಇದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಹಾಕಿ ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆ ಕಥೆಯ ಇನ್ನರ್ಧವನ್ನು ಮಾತ್ರ ಹಲವರು ಮರೆಯುತ್ತಾರೆ: ಅದೇ ಮನೆಯಲ್ಲಿ ಬಂದ ಜಂಗಮರಿಗೆ ದಾಸೋಹವೂ ನಡೆಯುತ್ತಿತ್ತು.

ಎಲ್ಲಿಂದ ಆರಂಭಿಸಬೇಕು?

ಮೂರು ತಿಂಗಳು ಏನನ್ನೂ ಕಡಿತ ಮಾಡದೆ, ಆಗುತ್ತಿರುವ ಖರ್ಚನ್ನು ಆದಂತೆಯೇ ಕೈಯಾರೆ ಬರೆಯಿರಿ. ಮೊಬೈಲಿನಲ್ಲಿ ಹಣ ಕಳುಹಿಸುವುದು ಸುಲಭವಾದ ಮೇಲೆ, ಕೈಯಿಂದ ನೋಟು ಬಿಟ್ಟುಹೋಗುವಾಗ ಆಗುತ್ತಿದ್ದ ಸಣ್ಣ ನೋವು ಇಲ್ಲವಾಗಿದೆ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಕುಳಿತು, ಆ ದಿನದ ಪಾವತಿಗಳನ್ನು ಮೊಬೈಲಿನಿಂದ ವಹಿಗೆ ಇಳಿಸಿದರೆ ಅದು ಮತ್ತೆ ಅರಿವಿಗೆ ಬರುತ್ತದೆ.

ನಮ್ಮ ಮನೆಯಲ್ಲಿ ಮೊದಲ ತಿಂಗಳ ಕೊನೆಗೆ ಅತಿ ದೊಡ್ಡದಾಗಿ ಕಂಡ ಬಾಬ್ತು ಬಾಡಿಗೆಯೂ ಅಲ್ಲ, ಕಿರಾಣಿಯೂ ಅಲ್ಲ. 'ಇತರೆ' ಎಂದು ನಾನೇ ಬರೆದ ಸಾಲು. ಅದನ್ನು ಬಿಡಿಸಿದಾಗ ಸಂಜೆಯ ಗಿರಮಿಟ್, ಹೋಗಲಾರದೆ ಬಿಟ್ಟ ಒಂದು ವ್ಯಾಯಾಮಶಾಲೆಯ ಶುಲ್ಕ, ಯಾರೂ ನೋಡದ ಎರಡು ಚಾನೆಲ್ ಚಂದಾ, ತಡವಾಗಿ ಕಟ್ಟಿದ ಬಿಲ್ಲಿನ ದಂಡ ಇವೆಲ್ಲ ಹೊರಬಂದವು. ಗಿರಮಿಟ್ಟನ್ನು ನಾವು ಬಿಡಲಿಲ್ಲ, ಏಕೆಂದರೆ ಅದನ್ನು ಎಲ್ಲರೂ ಇಷ್ಟಪಟ್ಟು ತಿನ್ನುತ್ತಿದ್ದೆವು. ಉಳಿದವುಗಳಲ್ಲಿ ಒಂದೂ ನಮಗೆ ಒಂದು ಘಳಿಗೆಯ ಸಂತೋಷವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಬರೆಯುವಾಗ ಮೊತ್ತದ ಪಕ್ಕದಲ್ಲಿ, ಅದರಿಂದ ಸುಖವಾಯಿತೋ ಇಲ್ಲವೋ ಎಂಬುದಕ್ಕೆ ಒಂದು ಗುರುತನ್ನೂ ಹಾಕಿರಿ. ಯಾವುದನ್ನು ಬಿಡಬೇಕು ಎಂಬುದಕ್ಕೆ ಬೇರೆ ಯಾರ ಸಲಹೆಯೂ ಬೇಕಾಗುವುದಿಲ್ಲ.

ತಿಂಗಳಿಗೆ 38,000 ರೂಪಾಯಿ ಬರುತ್ತದೆ. ಅದನ್ನು ಹೇಗೆ ಹಂಚಬೇಕು?

ಎಲ್ಲ ಮನೆಗೂ ಒಪ್ಪುವ ಸೂತ್ರ ಇಲ್ಲ. ಬೆಂಗಳೂರಿನ ಬಾಡಿಗೆಯೇ ಬೇರೆ, ಶಿರಸಿಯ ಬಾಡಿಗೆಯೇ ಬೇರೆ. ಧಾರವಾಡದಂಥ ಊರಿನಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ನಾನು ಹಾಕಿಕೊಟ್ಟ ಒಂದು ಲೆಕ್ಕವನ್ನು ಉದಾಹರಣೆಯಾಗಿ ಹೇಳುತ್ತೇನೆ. ಬಾಡಿಗೆಗೆ 9,000, ದಿನಸಿ, ತರಕಾರಿ ಮತ್ತು ಹಾಲಿಗೆ 10,500, ಶಾಲೆಗೆ 4,500, ವಿದ್ಯುತ್ತು, ಗ್ಯಾಸು, ನೀರು, ಫೋನಿಗೆ 2,300, ಓಡಾಟಕ್ಕೆ 2,700, ಔಷಧಕ್ಕೆ 1,200, ಊರಿನಲ್ಲಿರುವ ತಂದೆ ತಾಯಿಗೆ 3,000. ಇಲ್ಲಿಗೆ 33,200 ಆಯಿತು. ಉಳಿದ 4,800ರಲ್ಲಿ 2,500 ಉಳಿತಾಯಕ್ಕೆ ಹೋಯಿತು, ಅದೂ ಸಂಬಳ ಬಂದ ದಿನವೇ. ತಿಂಗಳ ಕೊನೆಗೆ ಉಳಿದರೆ ಹಾಕೋಣ ಎಂದವರ ಖಾತೆಯಲ್ಲಿ ಏನೂ ಉಳಿದದ್ದನ್ನು ನಾನು ಕಂಡಿಲ್ಲ.

ಮಿಕ್ಕ ಎರಡು ಬಾಬ್ತುಗಳನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಒಂದು, ವರ್ಷದ ಗಂಟು, ತಿಂಗಳಿಗೆ 1,500. ಜೂನ್‌ನಲ್ಲಿ ಶಾಲೆ ತೆರೆಯುವಾಗಿನ ಪುಸ್ತಕ, ಬಟ್ಟೆ, ಗಾಡಿಯ ವಿಮೆ, ಗೌರಿ ಗಣೇಶ, ದೀಪಾವಳಿ ಇವೆಲ್ಲ ಪ್ರತಿ ವರ್ಷವೂ ಬರುತ್ತವೆ, ಆದರೂ ಪ್ರತಿ ವರ್ಷವೂ ಅನಿರೀಕ್ಷಿತ ಖರ್ಚಿನಂತೆ ನಮ್ಮನ್ನು ಕೈಗಡಕ್ಕೆ ಅಟ್ಟುತ್ತವೆ. ತಿಂಗಳಿಗೆ 1,500 ಎಂದರೆ ವರ್ಷಕ್ಕೆ 18,000 ಕೈಯಲ್ಲಿರುತ್ತದೆ, ಹಬ್ಬ ಹಬ್ಬವಾಗಿಯೇ ಬರುತ್ತದೆ. ಇನ್ನೊಂದು, ಸಂತೋಷದ ಬಾಬ್ತು, 800 ರೂಪಾಯಿ. ಇದನ್ನು ಖರ್ಚು ಮಾಡಲೇಬೇಕು, ಉಳಿಸಬಾರದು. ಮಸಾಲೆ ದೋಸೆಯೋ, ನಾಟಕದ ಟಿಕೀಟೋ, ಒಂದು ಮೊಳ ಮಲ್ಲಿಗೆಯೋ, ಅದು ಆ ಮನೆಯವರಿಗೆ ಬಿಟ್ಟದ್ದು. ಲೆಕ್ಕದಲ್ಲಿ ಜಾಗ ಕೊಡದ ಸಂತೋಷ ಹೇಗಿದ್ದರೂ ಬಂದೇ ಬರುತ್ತದೆ, ಆದರೆ ಹಿಂದಿನಿಂದ ಅಪರಾಧಿ ಭಾವವನ್ನೂ ಕರೆದುಕೊಂಡು ಬರುತ್ತದೆ.

ಕಂತಿನಲ್ಲಿ ಕೊಂಡರೆ ತಪ್ಪೇನು? ಎಲ್ಲರೂ ಹಾಗೆಯೇ ಕೊಳ್ಳುತ್ತಾರಲ್ಲ?

ಈ ಪ್ರಶ್ನೆಗೆ ಲೆಕ್ಕದ ಉತ್ತರವೂ ಇದೆ, ಮನಸ್ಸಿನ ಉತ್ತರವೂ ಇದೆ.

ಲೆಕ್ಕದ್ದನ್ನು ಮೊದಲು ನೋಡೋಣ. ಒಂದು ಲಕ್ಷ ರೂಪಾಯಿ, ಶೇ. 12 ಬಡ್ಡಿ, ಎರಡು ವರ್ಷ ಎಂದು ಇಬ್ಬರು ಹೇಳಬಹುದು, ಆದರೆ ಇಬ್ಬರ ಮಾತೂ ಒಂದೇ ಅಲ್ಲ. ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕುವವರಲ್ಲಿ ತಿಂಗಳ ಕಂತು ಸುಮಾರು 4,707 ಆಗುತ್ತದೆ, ಎರಡು ವರ್ಷದಲ್ಲಿ ಬಡ್ಡಿ 13,000 ರೂಪಾಯಿಗೆ ಸ್ವಲ್ಪ ಕಡಿಮೆ. ನೇರ ಬಡ್ಡಿ, ಅಂದರೆ ಫ್ಲಾಟ್ ದರ ಹಾಕುವವರಲ್ಲಿ ಕಂತು ಸುಮಾರು 5,167, ಬಡ್ಡಿ 24,000. ನೀವು ಅಸಲನ್ನು ತೀರಿಸುತ್ತ ಬಂದರೂ ಪೂರ್ತಿ ಲಕ್ಷದ ಮೇಲೆಯೇ ಕೊನೆಯ ತಿಂಗಳವರೆಗೆ ಬಡ್ಡಿ ಕೊಡುತ್ತಿರುತ್ತೀರಿ. ನಿಜವಾದ ದರ ಶೇ. 21.5ರಷ್ಟು ಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಎಲ್ಲ ಚಿಲ್ಲರೆ ಸಾಲಗಳಿಗೆ ವಾರ್ಷಿಕ ನಿಜದರವನ್ನು ತೋರಿಸುವ ಮುಖ್ಯಾಂಶಗಳ ಹೇಳಿಕೆಯನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಸಹಿ ಮಾಡುವ ಮೊದಲು ಮನೆಗೆ ತಂದು ಓದಿರಿ.

ಹಳ್ಳಿಗಳಲ್ಲಿ 'ಮೂರು ರೂಪಾಯಿ ಬಡ್ಡಿ' ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಅದು ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇ. 36. ಕ್ರೆಡಿಟ್ ಕಾರ್ಡಿನಲ್ಲಿ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತ ಹೋದರೆ ಹಲವು ಕಾರ್ಡುಗಳಲ್ಲಿ ವರ್ಷಕ್ಕೆ ಶೇ. 40ನ್ನೂ ದಾಟುತ್ತದೆ. ಮೀಟರ್ ಬಡ್ಡಿಯಂಥ ಮಿತಿಮೀರಿದ ಬಡ್ಡಿಯನ್ನು ತಡೆಯಲು ಕರ್ನಾಟಕ 2004ರಲ್ಲಿಯೇ ಕಾಯ್ದೆ ಮಾಡಿದೆ. ಕಿರುಸಾಲದ ವಸೂಲಿಯಲ್ಲಿ ಬೆದರಿಕೆ, ಅವಮಾನ, ಬಲಾತ್ಕಾರಗಳ ವಿರುದ್ಧ 2025ರಲ್ಲಿ ಮತ್ತೊಂದು ಕಾನೂನು ಬಂದಿದೆ. ಬಾಗಿಲಿಗೆ ಬಂದು ಕೂಗಾಡುವವರಿಗೆ ಹೆದರಿ ಇನ್ನೊಬ್ಬರಿಂದ ಸಾಲ ತೆಗೆಯುವ ಬದಲು ಪೊಲೀಸ್ ಠಾಣೆಗೆ ಹೋಗುವ ಹಕ್ಕು ನಿಮಗಿದೆ.

ಇನ್ನು ಮನಸ್ಸಿನದು. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ, ಬಡ್ಡಿಯೇ ಇಲ್ಲ ಎಂಬ ಮಾತು ನಂಬಿ ನಾನೂ ಒಂದು ದೊಡ್ಡ ಟಿವಿಯನ್ನು ಕಂತಿಗೆ ತಂದೆ. ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ತೆರಿಗೆ, ನಗದಿಗೆ ಸಿಗುತ್ತಿದ್ದ ರಿಯಾಯಿತಿ ಕೈತಪ್ಪಿದ್ದು ಎಲ್ಲ ಸೇರಿ ಬಡ್ಡಿಗಿಂತ ಕಡಿಮೆಯೇನೂ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಆ ಟಿವಿಯ ಮುಂದೆ ಕುಳಿತಾಗಲೆಲ್ಲ ನನಗೆ ತಿಂಗಳ ಐದನೇ ತಾರೀಖು ನೆನಪಾಗುತ್ತಿತ್ತು. ಕೊನೆಯ ಕಂತು ಕಟ್ಟಿದ ದಿನ ಅದು ನಮ್ಮದಾಯಿತು, ಆದರೆ ಆಗ ಅದು ಹಳೆಯದಾಗಿತ್ತು. ಹೊಸತನದ ಸುಖವನ್ನು ಚಿಂತೆ ತಿಂದಿತ್ತು.

ಹಾಗಾದರೆ ಸಾಲವನ್ನೇ ಮಾಡಬಾರದೇ?

ತಲೆಯ ಮೇಲೊಂದು ಸೂರು, ಮಗಳ ಓದು, ಹೊಲದ ಬಿತ್ತನೆ, ಅಂಗಡಿಯ ಸರಕು, ಇವುಗಳಿಗೆ ಅಳತೆಯಲ್ಲಿ ಮಾಡಿದ ಸಾಲ ಸರಿ. ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಹಣದ ಮೂರನೇ ಒಂದು ಭಾಗವನ್ನು ದಾಟದಿರಲಿ.

ಕಷ್ಟಕಾಲಕ್ಕೆ ಎಷ್ಟು ಇಟ್ಟಿರಬೇಕು, ಎಲ್ಲಿ ಇಡಬೇಕು?

ಕನಿಷ್ಠ ಮೂರು ತಿಂಗಳ ಮನೆಖರ್ಚು, ಬೇಕೆಂದಾಗ ಕೈಗೆ ಸಿಗುವಂತೆ. ಎಲ್ಲಿ ಎಂಬುದರ ಬಗ್ಗೆ ನಾನು ಸ್ವಲ್ಪ ಒತ್ತಿ ಹೇಳಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿಯವರೆಗೆ ಅದು ಒಂದೇ ಲಕ್ಷವಾಗಿತ್ತು. ಆದರೆ ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ, ಅವುಗಳ ಠೇವಣಿಗೆ ಈ ವಿಮೆ ಇಲ್ಲ. ಅಂಥ ಸಂಘದಲ್ಲಿಯೇ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ: ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಆದರೂ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಯ ಆಸೆಗೆ ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡಬೇಡಿರಿ. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯೇ ಆಗಿರಲಿ.

ಮನೆಯಲ್ಲಿ ಮದುವೆ ಇದೆ. ಸಾಲ ಮಾಡದೆ ನಡೆಸಲು ಆಗುತ್ತದೆಯೇ? ಜನ ಏನೆನ್ನುತ್ತಾರೆ?

ಹತ್ತು ವರ್ಷ ಹನಿ ಹನಿಯಾಗಿ ಕೂಡಿಟ್ಟದ್ದು ಮೂರು ದಿನದಲ್ಲಿ ಹರಿದುಹೋಗಿ, ಮುಂದಿನ ಐದು ವರ್ಷ ಕಂತು ಕಟ್ಟಿದ ಮನೆಗಳನ್ನು ನಾನು ವಹಿಯ ಹಾಳೆಗಳಲ್ಲಿ ಕಂಡಿದ್ದೇನೆ. ಮದುವೆಯಾದ ಹುಡುಗಿ ಎರಡು ಮಕ್ಕಳ ತಾಯಿಯಾದ ಮೇಲೂ ಅಪ್ಪ ಅವಳ ಮದುವೆಯ ಕಂತು ಕಟ್ಟಲು ಬರುತ್ತಿದ್ದ.

ಸರಳ ಮದುವೆ ನಮ್ಮ ನಾಡಿಗೆ ಹೊಸದಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯದ ಪದ್ಧತಿಯನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳು ಬೇಕು.

ಇವು ಯಾವುದೂ ಒಪ್ಪದಿದ್ದರೆ, ಶಾಸ್ತ್ರೋಕ್ತವಾಗಿಯೇ ಮಾಡಿರಿ, ಆದರೆ ಮೊದಲು ಮನೆಯವರೆಲ್ಲ ಕುಳಿತು ನಾಲ್ಕು ಸಂಗತಿಗಳನ್ನು ಮಾತ್ರ ಆರಿಸಿಕೊಳ್ಳಿರಿ. ನಮ್ಮ ತಂಗಿಯ ಮದುವೆಯಲ್ಲಿ ನಾವು ಬಾಳೆ ಎಲೆಯ ಹೋಳಿಗೆ ಊಟ, ಶಹನಾಯಿ, ಅವಳು ಇಷ್ಟಪಟ್ಟ ಒಂದು ಇಳಕಲ್ ಸೀರೆ ಮತ್ತು ದೂರದಿಂದ ಬರುವ ವಯಸ್ಸಾದ ನೆಂಟರಿಗೆ ವಾಹನ ಎಂದು ಆರಿಸಿಕೊಂಡೆವು. ಹೂವಿನ ಕಮಾನು, ದುಬಾರಿ ಆಮಂತ್ರಣ, ತೆಗೆದುಕೊಂಡವರು ಅಟ್ಟದ ಮೇಲೆ ಇಡುವ ಸ್ಟೀಲಿನ ಉಡುಗೊರೆ, ಎಲ್ಲ ಬಿಟ್ಟೆವು. ಜನ ಏನೆಂದರು ಎಂದರೆ, ಹೋಳಿಗೆ ಚೆನ್ನಾಗಿತ್ತು ಎಂದರು.

ಮಕ್ಕಳು 'ಅವರ ಮನೆಯಲ್ಲಿದೆ, ನಮಗೇಕಿಲ್ಲ' ಎಂದಾಗ ಏನು ಹೇಳಬೇಕು?

ನಿಜವನ್ನೇ ಹೇಳಬೇಕು. ಹತ್ತು ವರ್ಷ ದಾಟಿದ ಮಗುವಿಗೆ ಮನೆಯ ಜಮಾ-ಖರ್ಚು ಅರ್ಥವಾಗುತ್ತದೆ. ವರ್ಷದ ಗಂಟಿನಲ್ಲಿ ದೀಪಾವಳಿಗೆಂದು ಇಟ್ಟ ಹಣವನ್ನು ತೋರಿಸಿ, ಬಟ್ಟೆಗೆ ಎಷ್ಟು, ಪಟಾಕಿಗೆ ಎಷ್ಟು, ಸಿಹಿಗೆ ಎಷ್ಟು ಎಂದು ಅವರನ್ನೇ ಹಂಚಲು ಬಿಡಿರಿ. ನಮ್ಮ ಮಗಳು ಮೊದಲ ವರ್ಷ ಎಲ್ಲವನ್ನೂ ಪಟಾಕಿಗೆ ಬರೆದಳು; ಎರಡನೆಯ ವರ್ಷ ತಾನಾಗಿಯೇ ಕಡಿಮೆ ಮಾಡಿ ಅಜ್ಜಿಗೆ ಒಂದು ಶಾಲು ಎಂದು ಸೇರಿಸಿದಳು. 'ನಾವು ಬಡವರು, ನಮಗೆ ಆಗುವುದಿಲ್ಲ' ಎಂಬ ಮಾತನ್ನು ಮಾತ್ರ ಮಕ್ಕಳ ಮುಂದೆ ಆಡಬೇಡಿರಿ. ಅದು ಲೆಕ್ಕ ಕಲಿಸುವುದಿಲ್ಲ, ನಾಚಿಕೆ ಕಲಿಸುತ್ತದೆ.

ಹೆಚ್ಚು ಖರ್ಚಿಲ್ಲದೆ ರಜಾದಿನ ಕಳೆಯುವುದು ಹೇಗೆ?

ಈಗಾಗಲೇ ಹಣ ಕೊಟ್ಟು ಬಳಸದೆ ಬಿಟ್ಟವುಗಳಿಂದ ಆರಂಭಿಸಿರಿ. ನಗರದಲ್ಲಿ ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ. 6 ಗ್ರಂಥಾಲಯ ಕರ ಸೇರಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಈ ಕರದಿಂದ ನಡೆಯುವ ಗ್ರಂಥಾಲಯದ ಬಾಗಿಲನ್ನು ತೆರಿಗೆ ಕಟ್ಟುವವರಲ್ಲಿ ಎಷ್ಟೋ ಜನ ತುಳಿದೇ ಇಲ್ಲ. ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಉಪನ್ಯಾಸವೋ, ಸಂಗೀತವೋ, ಪುಸ್ತಕ ಬಿಡುಗಡೆಯೋ ನಡೆಯುತ್ತಿರುತ್ತದೆ. ಹೋಗಿ ಕುಳಿತರೆ ಟಿಕೀಟು ಕೇಳುವವರಿಲ್ಲ. ಕರಾವಳಿಯವರಿಗೆ ಹರಕೆಯ ಬಯಲಾಟವಿದೆ, ಒಂದು ಚಾಪೆ ಒಯ್ದರೆ ಬೆಳಗಿನ ಜಾವದವರೆಗೆ ಚೆಂಡೆ ಕೇಳಬಹುದು. ಮೈಸೂರಿನವರು ಭಾನುವಾರ ಸಂಜೆ ಏಳು ಗಂಟೆಗೆ ಅರಮನೆಯ ದೀಪಗಳು ಒಮ್ಮೆಲೇ ಹತ್ತುವುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನವರಿಗೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಒಂದು ಸೇರು ಬಿಸಿ ಕಡಲೆಕಾಯಿ ಹಿಡಿದು ದೊಡ್ಡ ಬಸವಣ್ಣನ ಗುಡಿಯವರೆಗೆ ನಡೆಯುವ ಸುಖಕ್ಕೆ ಹೆಚ್ಚು ಹಣ ಬೇಕಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚಿಲ್ಲ. ನಮ್ಮ ಓಣಿಯ ಐದಾರು ಹಿರಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಬಾದಾಮಿಗೆ ಹೋಗಿ ಬಂದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಐವತ್ತು ವರ್ಷ ಹತ್ತಿರವೇ ಬದುಕಿಯೂ ಬಾದಾಮಿಯ ಗುಹೆಗಳನ್ನು ಅವರಲ್ಲಿ ಇಬ್ಬರು ಮೊದಲ ಬಾರಿ ಕಂಡರು.

ಇಷ್ಟೆಲ್ಲ ಹೇಳುತ್ತೀರಿ, ಆದರೆ ಬರುವ ಹಣವೇ ಸಾಲದಿದ್ದರೆ?

ಆಗ ಮಿತವ್ಯಯದ ಉಪದೇಶ ಮಾಡುವುದು ಅನ್ಯಾಯ. ಬಾಡಿಗೆ, ಅಕ್ಕಿ, ಔಷಧಕ್ಕೇ ಸಾಲದ ಆದಾಯವನ್ನು ಯಾವ ವಹಿಯೂ ಸರಿದೂಗಿಸಲಾರದು. ಅಂಥವರು ಮೊದಲು ತಮಗೆ ಸಲ್ಲಬೇಕಾದದ್ದನ್ನು ಸಂಕೋಚವಿಲ್ಲದೆ ಪಡೆಯಬೇಕು: ಪಡಿತರ, ವೃದ್ಧಾಪ್ಯ ಮತ್ತು ವಿಧವಾ ವೇತನ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ, ಅಥವಾ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಹಣ ನಿಂತಿದ್ದರೆ, ತಿಂಗಳುಗಟ್ಟಲೆ ಕಾಯದೆ ತಿದ್ದಿಸಿಕೊಳ್ಳಬೇಕು. ಉಳಿದದ್ದು ಗಳಿಕೆ ಹೆಚ್ಚಿಸುವ ದಾರಿ ಹುಡುಕುವ ಮಾತು, ಅದು ಪ್ರತಿಯೊಂದು ಮನೆಗೂ ಬೇರೆ.

ಅಡುಗೆಮನೆಯಲ್ಲಿ ಎಷ್ಟು ಉಳಿಸಬಹುದು?

ಕೆಲವು ನೂರು ರೂಪಾಯಿ, ಅದಕ್ಕಿಂತ ಹೆಚ್ಚಾಗಿ ರುಚಿಯನ್ನು. ಹೀರೆಕಾಯಿಯ ಸಿಪ್ಪೆಯ ಚಟ್ನಿ, ಕರಾವಳಿಯವರು ಕಲ್ಲಂಗಡಿಯ ಬಿಳಿಯ ಭಾಗದಿಂದ ಮಾಡುವ ದೋಸೆ, ಮಲೆನಾಡಿನ ತಂಬುಳಿಗಳು, ಇವೆಲ್ಲ ಹುಟ್ಟಿದ್ದು ಏನನ್ನೂ ಚೆಲ್ಲಬಾರದು ಎಂಬ ಎಚ್ಚರದಿಂದ, ಆದರೆ ನಾವು ಅವನ್ನು ತಿನ್ನುವುದು ರುಚಿಗಾಗಿ.

ಟ್ರಂಕಿನಲ್ಲಿ ಇರುವ ಒಳ್ಳೆಯ ಸೀರೆ, ಷೋಕೇಸಿನ ಒಳ್ಳೆಯ ಪಾತ್ರೆ ಇವುಗಳನ್ನು ದಿನನಿತ್ಯ ಬಳಸಿದರೆ ಹಾಳಾಗುವುದಿಲ್ಲವೇ?

ಬಳಸದಿದ್ದರೂ ಹಾಳಾಗುತ್ತವೆ. ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗೆರೆಯುದ್ದಕ್ಕೂ ಜರಿ ಮುರಿಯುತ್ತದೆ, ಬಟ್ಟೆ ಸೀಳುತ್ತದೆ. ನಮ್ಮ ತಾಯಿಯ ಮೈಸೂರು ರೇಷ್ಮೆ ಸೀರೆ ಹಾಗೆಯೇ ಹೋಯಿತು. ಉಟ್ಟದ್ದು ನಾಲ್ಕೈದು ಬಾರಿ, ಉಳಿದ ಕಾಲವೆಲ್ಲ ಒಳ್ಳೆಯ ದಿನಕ್ಕೆಂದು ಕಾಯಿತು. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನೆರಳಿನಲ್ಲಿ ಗಾಳಿಗೆ ಹರವಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿರಿ, ಅದಕ್ಕಿಂತ ಮುಖ್ಯವಾಗಿ ಉಡಿರಿ. ಅತಿಥಿಗಳಿಗೆಂದು ಎತ್ತಿಟ್ಟ ಬಟ್ಟಲಿನಲ್ಲಿ ಇಂದು ಸಂಜೆ ಮನೆಯವರಿಗೇ ಪಾಯಸ ಕೊಡಿರಿ. ಹೊಸದನ್ನು ಕೊಳ್ಳಬೇಕೆಂಬ ಆಸೆ ಬಹಳ ಸಲ ಹುಟ್ಟುವುದು ಇರುವ ಒಳ್ಳೆಯದನ್ನು ಮುಟ್ಟದೆ ಇಟ್ಟಿರುವುದರಿಂದ.

ಹಳೆಯ ಬಟ್ಟೆಗಳಿಂದ ಕೌದಿ ಹೊಲಿಸುವುದು ಈಗಲೂ ಸಾಧ್ಯವೇ?

ಸಾಧ್ಯ. ನಮ್ಮ ಭಾಗದ ಹಳ್ಳಿಗಳಲ್ಲಿ ಹೊಲಿಯುವ ಹೆಂಗಸರು ಇನ್ನೂ ಇದ್ದಾರೆ, ಕೂಲಿ ಕೊಟ್ಟು ಹೊಲಿಸಬಹುದು, ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಕಲಿಯಬಹುದು. ಮೆತ್ತಗಾದ ಹತ್ತಿಯ ಸೀರೆ, ಧೋತರಗಳನ್ನು ಒಗೆದು, ಕಸೆ, ಗುಂಡಿ ತೆಗೆದು ಇಡಿರಿ. ಪಾಲಿಸ್ಟರ್ ಸೇರಿಸಬೇಡಿರಿ, ಮೈಗೆ ಹತ್ತುವುದಿಲ್ಲ. ನಮ್ಮ ಅಜ್ಜಿ ನೆಲದ ಮೇಲೆ ಸೀರೆ ಹರವಿ, ಮೇಲೆ ಮೂರು ನಾಲ್ಕು ಪದರ ಹಾಕಿ, ಅಂಚಿನಿಂದ ಒಳಕ್ಕೆ ಸಣ್ಣ ದಬ್ಬಣದ ಹೊಲಿಗೆ ಹಾಕುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದಳು. ಕೊನೆಯ ಹೊಲಿಗೆಗೆ ಮೊದಲು ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಬಾಯಿ ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದು ಎನ್ನುತ್ತಿದ್ದಳು. ಆ ಕೌದಿ ಈಗಲೂ ನಮ್ಮ ಮನೆಯಲ್ಲಿದೆ. ಚಳಿಗಾಲದಲ್ಲಿ ಅದನ್ನು ಹೊದ್ದು ಮಲಗಿದ ಮಗಳು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, ಇದು ಯಾರ ಸೀರೆ, ಇದು ಯಾರ ಅಂಗಿ ಎಂದು ನಿದ್ದೆ ಬರುವವರೆಗೆ ಕೇಳುತ್ತಾಳೆ.